ಹೆಸರು ಒಪ್ಪಿಸುವ ದಿನ

ಆ ಊರಿನಲ್ಲಿ ಏಳು ವರ್ಷಕ್ಕೊಂದು ದಿನ ಯಾರಿಗೂ ಹೆಸರಿರುವುದಿಲ್ಲ.

ಅಂದು ಸೂರ್ಯ ಮೂಡುವ ಹೊತ್ತಿಗೆ ಹೆಸರುಮನೆಯ ಬಾಗಿಲು ತೆರೆಯುತ್ತದೆ. ವಯಸ್ಸಿಗೆ ಬಂದವರೆಲ್ಲ ಸಾಲಾಗಿ ಬರುತ್ತಾರೆ. ಹೊಸ್ತಿಲ ಬಳಿ ನಿಂತು ತಮ್ಮ ಹೆಸರನ್ನು ಒಂದು ಸಲ, ಒಂದೇ ಸಲ, ಗಟ್ಟಿಯಾಗಿ ಹೇಳುತ್ತಾರೆ. ಒಳಗೆ ಕುಳಿತ ಓದುವವನು ದೊಡ್ಡ ಪುಸ್ತಕದಲ್ಲಿ ಆ ಹೆಸರನ್ನು ಹುಡುಕಿ ಅದರ ಮುಂದೆ ಅರಿಶಿನದ ಬೊಟ್ಟಿಡುತ್ತಾನೆ. ಅವನು ತಲೆ ಎತ್ತಿ ಮುಖ ನೋಡುವಂತಿಲ್ಲ; ಮುಖ ನೋಡಿದರೆ ದಾಕ್ಷಿಣ್ಯ ಹುಟ್ಟುತ್ತದೆ ಎಂದು ಹಿಂದಿನವರು ಹಾಗೆ ಮಾಡಿದ್ದಾರೆ. ಬೊಟ್ಟು ಬಿದ್ದರೆ ಹೆಸರು ಒಪ್ಪಿಸಿದಂತಾಯಿತು. ಒಪ್ಪಿಸಿದವರ ಅಂಗೈಗೆ ಒಂದು ಹುಣಸೆ ಬೀಜ ಬೀಳುತ್ತದೆ. ಅವರು ಪರದೆಯ ಹಿಂದೆ ಹೋಗಿ ಕೆಂಪು ಗಡಿಗೆಗೋ ಕರಿ ಗಡಿಗೆಗೋ ಬೀಜ ಹಾಕಿ ಹಿಂಬಾಗಿಲಿನಿಂದ ಹೊರಗೆ ಬರುತ್ತಾರೆ. ಹೊರಗೆ ಬಂದವರಿಗೆ ಹೆಸರಿಲ್ಲ.

ಹೀಗೆ ಆರಿಸುವುದು ಕೆರೆಯ ತೂಬಿನ ಬೀಗ ಯಾರ ಕೈಯಲ್ಲಿರಬೇಕು ಎಂಬುದನ್ನು. ನೀರನ್ನು ಯಾವ ತಿಂಗಳು ಬಿಡಬೇಕು, ಯಾವ ಕಾಲುವೆಗೆ ಮೊದಲು ಬಿಡಬೇಕು, ಎಂದು ನಿಲ್ಲಿಸಬೇಕು, ಎಲ್ಲವೂ ಬೀಗ ಹಿಡಿದವನ ಮಾತು. ಆದ್ದರಿಂದ ಅದು ಸಣ್ಣ ವಿಷಯವಲ್ಲ.

ಬೀಜಗಳನ್ನು ಎಣಿಸುವ ಹೊತ್ತಿಗೆ ಹಸಿ ಜೇಡಿಮಣ್ಣನ್ನು ಹಲಗೆಯ ಮೇಲೆ ತಟ್ಟಿ ಇಡುತ್ತಾರೆ. ಎಣಿಕೆ ಮುಗಿದ ಮೇಲೆ ಮುದ್ರೆಯವಳು ಫಲವನ್ನು ಆ ಮಣ್ಣಿನಲ್ಲಿ ಗೀರಿ, ಅದರ ಮೇಲೆ ಊರಿನ ಮುದ್ರೆ ಒತ್ತುತ್ತಾಳೆ. ಮುದ್ರೆ ಬಿದ್ದ ಕೂಡಲೇ ಎಲ್ಲರ ಹೆಸರುಗಳೂ ಎಲ್ಲರಿಗೂ ವಾಪಸ್ಸು ಬರುತ್ತವೆ. ಮುದ್ರೆ ಬೀಳುವ ಮೊದಲೇ ಮಣ್ಣು ಒಣಗಿಹೋದರೆ ಬೀಗ ಹಳಬನ ಕೈಯಲ್ಲೇ ಉಳಿಯುತ್ತದೆ, ಹೆಸರುಗಳು ಏಳು ವರ್ಷ ಪುಸ್ತಕದಲ್ಲೇ ಉಳಿಯುತ್ತವೆ. ಮಣ್ಣಿಗೆ ಎರಡನೆಯ ಸಲ ನೀರು ಚಿಮುಕಿಸುವಂತಿಲ್ಲ.

ಹೆಸರಿಲ್ಲದ ದಿನ ಜನ ಹೇಗಿರುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಅಕ್ಕ, ಮಾವ, ಅತ್ತಿಗೆ, ದೊಡ್ಡಪ್ಪ ಎಂಬ ಪದಗಳ ಮೇಲೆ ಇರುತ್ತಾರೆ. ತಾಯೊಬ್ಬಳು ಮಗಾ ಎಂದು ಕೂಗಿದರೆ ಬೀದಿಯ ಹತ್ತು ಮಕ್ಕಳು ತಿರುಗುತ್ತವೆ, ಹಸಿವಾದವು ಬರುತ್ತವೆ. ಅಂದು ಜಗಳವೂ ಕಡಿಮೆ. ಯಾರನ್ನು ಬೈಯುತ್ತಿದ್ದೇನೆ ಎಂದು ಹೇಳಲಾಗದವನು ಎಷ್ಟು ಹೊತ್ತು ಬೈದಾನು. ಒಂದು ದಿನಕ್ಕೆ ಇದು ಚೆಂದ. ಹೊಳೆಯ ಕೆಳಗಿನ ಒಂದು ಊರಿನಲ್ಲಿ ಹಿಂದೊಮ್ಮೆ ಮಣ್ಣು ಒಣಗಿತಂತೆ. ಅಲ್ಲಿಯವರು ಏಳು ವರ್ಷ ಒಬ್ಬರನ್ನೊಬ್ಬರು ಏಯ್ ಎಂದು ಕರೆದರಂತೆ. ಎಂಟನೆಯ ವರ್ಷ ಹೆಸರು ವಾಪಸ್ಸು ಕೊಡಲು ಕರೆದರೆ ಅರ್ಧ ಜನ ಬರಲೇ ಇಲ್ಲವಂತೆ. ತಮ್ಮದು ಯಾವುದೆಂದು ಅವರಿಗೆ ನೆನಪಿರಲಿಲ್ಲ.

ಈಗ ಮುದ್ರೆಯವಳ ವಿಷಯ. ಆಕೆ ಊರಿನ ಮಕ್ಕಳಿಗೆ ಅಕ್ಷರ ಕಲಿಸುವವಳು. ಮೂವತ್ತು ವರ್ಷದಿಂದ ಕಲಿಸುತ್ತಿದ್ದಳು, ಮೂರು ಸಲ ಮುದ್ರೆ ಒತ್ತಿದ್ದಳು. ಅವಳ ಬೆನ್ನು ನೆಟ್ಟಗಿತ್ತು, ಸೆರಗಿನ ಮಡಿಕೆ ನೆಟ್ಟಗಿತ್ತು, ಬರೆಯುವ ಸಾಲು ಗೆರೆ ಹಾಕದೆಯೂ ನೆಟ್ಟಗಿರುತ್ತಿತ್ತು. ಹಕಾರ ನುಂಗಿದ ಮಗುವನ್ನು ಅವಳು ಊಟಕ್ಕೆ ಬಿಡುತ್ತಿರಲಿಲ್ಲ. ಉಸಿರನ್ನು ಎದೆಯಿಂದ ತಂದು, ಗಂಟಲಲ್ಲಿ ತಡೆಯದೆ ಹೊರಗೆ ಬಿಡಬೇಕು. ಅಷ್ಟೇ ಅಲ್ಲವೇ, ಅದಕ್ಕೆ ಖರ್ಚೇನು ಎಂದು ಕೇಳುತ್ತಿದ್ದಳು. ಜನ ಅವಳಿಗೆ ಹೆದರುತ್ತಿದ್ದರು. ಮುದ್ರೆಗೆ ಬೇರೆ ಯಾರನ್ನಾದರೂ ನೋಡೋಣ ಎಂದು ಮಾತ್ರ ಒಬ್ಬರೂ ಎಂದಿರಲಿಲ್ಲ.

ಹೊಳೆಯಾಚೆಯವರಿಗೆ ಹಕಾರವಿರಲಿಲ್ಲ. ಅವರು ಬುಟ್ಟಿ, ಚಾಪೆ ಹೆಣೆಯುವ ಜನ. ಅವರ ಬಾಯಲ್ಲಿ ಹೂವು ಊವಾಗುತ್ತಿತ್ತು, ಹಸು ಅಸುವಾಗುತ್ತಿತ್ತು, ಹೊಳೆ ಒಳೆಯಾಗುತ್ತಿತ್ತು. ಮೇಲಿನ ಬೀದಿಯವರು ಇದನ್ನು ಆಡಿಕೊಂಡು ನಗುತ್ತಿದ್ದರು. ಹೆಸರಿನ ಪುಸ್ತಕ ಬರೆದವನು ಮೇಲಿನ ಬೀದಿಯವನು. ಅವನು ಎಲ್ಲರ ಹಕಾರವನ್ನೂ ಇರಬೇಕಾದಲ್ಲಿ ಇಟ್ಟು ಬರೆದಿದ್ದ. ಆದ್ದರಿಂದ ಮುದ್ರೆಯವಳು ಓದುವವನಿಗೆ ಒಂದು ಪಾಠ ಹೇಳಿಕೊಟ್ಟಿದ್ದಳು. ಓದುವವನು ಅವಳ ಶಿಷ್ಯರಲ್ಲೆಲ್ಲ ಮೇಲಾದವನು. ಹೊಳೆಯಾಚೆಯವರು ಅ ಎಂದರೆ ನೀನು ಹ ಎಂದು ಕೇಳಿಸಿಕೊ, ಆ ಎಂದರೆ ಹಾ ಎಂದು ಕೇಳಿಸಿಕೊ, ಯಾರೂ ಈ ಹೊಸ್ತಿಲಿನಿಂದ ಬರಿಗೈಯಲ್ಲಿ ಹೋಗಬಾರದು ಎಂದಿದ್ದಳು. ಅವನು ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದ.

ಅನುಮಾನ ಇದ್ದವರಿಗೂ ಒಂದು ದಾರಿ ಇತ್ತು. ಬಾಗಿಲ ಬಳಿ ಬೇವಿನ ಸೊಪ್ಪಿನ ಕಟ್ಟು ಇಟ್ಟಿರುತ್ತಿದ್ದರು. ಸಾಲಿನಲ್ಲಿ ನಿಂತವರು ಈ ಊರಿನವರಲ್ಲ ಎಂದೋ, ಹೇಳಿದ ಹೆಸರು ಅವರದಲ್ಲ ಎಂದೋ ಅನ್ನಿಸಿದವರು ಅಲ್ಲೇ ಆಗಲೇ ಒಂದು ಎಸಳು ಎತ್ತಬೇಕು. ಎತ್ತಿದರೆ ಸಾಲು ನಿಲ್ಲುತ್ತದೆ. ಬಲ್ಲ ಇಬ್ಬರು ಬಂದು ಬಲ್ಲೆವು ಎಂದರೆ ಮತ್ತೆ ನಡೆಯುತ್ತದೆ.

ಆ ವರ್ಷ ಕರಿ ಗಡಿಗೆ ಬೀಗದವನದು. ಅವನು ಹದಿನಾಲ್ಕು ವರ್ಷದಿಂದ ಬೀಗ ಹಿಡಿದವನು, ಮಾತು ಕಡಿಮೆ, ಮಾತೆಲ್ಲ ಅವನ ಬಾಮೈದನದು. ಕೆಂಪು ಗಡಿಗೆ ಅಂಬಿಗನದು. ಅವನು ಹೊಳೆಯಾಚೆ ಹುಟ್ಟಿ, ದಿನಕ್ಕೆ ಇಪ್ಪತ್ತು ಸಲ ಈಚೆಗೆ ಬಂದುಹೋಗುವವನು. ಬೆಳಿಗ್ಗೆಯಿಂದ ಹೊಸ್ತಿಲ ಬಳಿ ಬಾಮೈದ ನಿಂತೇ ಇದ್ದ. ಬೇವಿನ ಸೊಪ್ಪಿನ ಕಟ್ಟು ಅವನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಅವನು ಒಂದು ಎಸಳನ್ನೂ ಎತ್ತಲಿಲ್ಲ.

ಮಧ್ಯಾಹ್ನ ಸಾಲು ಮುಗಿಯಿತು. ಹಲಗೆಯ ಮೇಲೆ ಮಣ್ಣು ತಟ್ಟಿದರು. ಎಣಿಸುವವರು ಎಣಿಸಿದರು. ಪುಸ್ತಕದಲ್ಲಿ ಮುನ್ನೂರ ನಲವತ್ತೊಂದು ಬೊಟ್ಟು. ಗಡಿಗೆಗಳಲ್ಲಿ ಮುನ್ನೂರ ನಲವತ್ತೊಂದು ಬೀಜ. ಕರಿ ಗಡಿಗೆಯಲ್ಲಿ ನೂರ ಎಪ್ಪತ್ತು, ಕೆಂಪು ಗಡಿಗೆಯಲ್ಲಿ ನೂರ ಎಪ್ಪತ್ತೊಂದು. ಅಂಗಳದ ಒಂದು ಬದಿಯಲ್ಲಿ ಹೊಳೆಯಾಚೆಯವರು ಚಪ್ಪಾಳೆ ತಟ್ಟಿದರು, ಇನ್ನೊಂದು ಬದಿಯಲ್ಲಿ ಮೇಲಿನ ಬೀದಿಯವರು ಹೆಗಲ ವಸ್ತ್ರ ಸರಿಮಾಡಿಕೊಂಡರು. ಮುದ್ರೆಯವಳು ಮುದ್ರೆ ಕೈಗೆತ್ತಿಕೊಂಡಳು.

ಆಗ ಬಾಮೈದ ಮುಂದೆ ಬಂದು ಕೈಮುಗಿದು, ಒಂದು ಸಣ್ಣ ಅನುಮಾನ ಎಂದ.

ಗಡಿಗೆಗಳು ಬೆಳಿಗ್ಗೆ ಬರಿದಾಗಿದ್ದವೇ ಎಂದು ಕೇಳಿದ. ಅವನೇ ಬೋರಲು ಹಾಕಿ ನೋಡಿದ್ದನೆಂದು ಮುದ್ರೆಯವಳು ನೆನಪಿಸಿದಳು. ಹೌದು ಹೌದು ಎಂದು ಒಪ್ಪಿಕೊಂಡು, ಬೀಜಗಳೆಲ್ಲ ಒಂದೇ ಮರದವೇ ಎಂದು ಕೇಳಿದ. ನಿಮ್ಮ ಭಾವನ ಹಿತ್ತಿಲಿನ ಮರದವು ಎಂದಳು. ಅದಕ್ಕೂ ತಲೆದೂಗಿ, ಅರಿಶಿನ ಹಳೆಯದೋ ಹೊಸದೋ, ಪರದೆಯ ಬಟ್ಟೆ ತೆಳುವೋ ದಪ್ಪವೋ, ಹೊಸ್ತಿಲು ಮೂಡಣಕ್ಕೋ ಈಶಾನ್ಯಕ್ಕೋ ಎಂದು ಒಂದೊಂದಾಗಿ ವಿಚಾರಿಸಿದ. ಅವನ ಮಾತು ಬೆಣ್ಣೆಯಷ್ಟು ಮೆತ್ತಗಿತ್ತು. ಪ್ರತಿ ಪ್ರಶ್ನೆಗೂ ಮುದ್ರೆಯವಳು ಒಂದೊಂದೇ ಸಾಲಿನ ಉತ್ತರ ಕೊಟ್ಟಳು. ಕೊಡುತ್ತ ಹಲಗೆಯ ಕಡೆ ನೋಡಿದಳು. ಮಣ್ಣಿನ ಅಂಚು ಬೆಳ್ಳಗಾಗುತ್ತಿತ್ತು. ಈ ಪ್ರಶ್ನೆಗಳಿಗೆ ಉತ್ತರ ಬೇಕಾಗಿಲ್ಲ, ಬೇಕಾಗಿರುವುದು ಬಿಸಿಲು ಎಂದು ಅವಳಿಗೆ ತಿಳಿಯಿತು.

ಸಾಕು ಎಂದಳು.

ಬಾಮೈದ ಮೆತ್ತನೆಯ ದನಿ ಬಿಟ್ಟ. "ಹಾಗಾದರೆ ದೊಡ್ಡದನ್ನೇ ಹೇಳುತ್ತೇನೆ ಅಮ್ಮನವರೇ. ಆಚೆಯವಳೊಬ್ಬಳು ಇವತ್ತು ಎರಡು ಸಲ ಬಂದಿದ್ದಾಳೆ. ಎರಡನೆಯ ಸಲ ನಿಮ್ಮ ಓದುವವನೇ ಹಿಡಿದು ವಾಪಸ್ಸು ಕಳಿಸಿದ. ಕೇಳಿ ನೋಡಿ. ಸಿಕ್ಕಿಬಿದ್ದವಳು ಒಬ್ಬಳು. ಸಿಕ್ಕಿಬೀಳದವರು ಎಷ್ಟು ಜನವೋ. ಆಚೆಯವರನ್ನೆಲ್ಲ ಮತ್ತೆ ಸಾಲಾಗಿ ನಿಲ್ಲಿಸಿ, ಪುಸ್ತಕದಲ್ಲಿ ಬರೆದಿರುವ ಹಾಗೆ ಹೆಸರು ಹೇಳಿಸಿ. ಹೇಳಿದವರದು ಉಳಿಯಲಿ, ಹೇಳದವರದು ಹೋಗಲಿ."

ಹಕಾರವಿರುವ ಹೆಸರನ್ನು ಪುಸ್ತಕದಲ್ಲಿ ಬರೆದಿರುವ ಹಾಗೆ ಹೇಳಬಲ್ಲವರು ಆಚೆ ಒಬ್ಬರೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹೊಳೆಯಾಚೆಯ ಕೆಲವರು ಗಾಬರಿಯಿಂದ ಅಲ್ಲೇ ಅಭ್ಯಾಸಕ್ಕೆ ತೊಡಗಿದರು. ಉಸಿರು ತುಂಬಿಕೊಂಡು, ಕಣ್ಣು ಮುಚ್ಚಿಕೊಂಡು, ಸಿಕ್ಕಿದ ಪದಕ್ಕೆಲ್ಲ ಹಕಾರ ಹಚ್ಚಿದರು. ಅಪ್ಪ ಹಪ್ಪನಾದ, ಅಕ್ಕ ಹಕ್ಕ ಆದಳು, ಎಮ್ಮೆ ಹೆಮ್ಮೆಯಾಯಿತು. ಮೇಲಿನ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ದಿನವಾಗಿದ್ದರೆ ಮುದ್ರೆಯವಳು ಅಷ್ಟೂ ಜನರನ್ನು ಕೂರಿಸಿ ತಿದ್ದುತ್ತಿದ್ದಳು. ಅಂದು ನಗುವವರ ಕಡೆ ತಿರುಗಿ ನೋಡಿದಳು, ನಗು ನಿಂತಿತು.

"ಹೆಸರು ಒಪ್ಪಿಸುವುದು ಒಂದೇ ಸಲ," ಎಂದಳು. "ಒಪ್ಪಿಸಿದ್ದನ್ನು ಮತ್ತೆ ಕೇಳುವ ಅಧಿಕಾರ ನನಗೂ ಇಲ್ಲ. ಅನುಮಾನಕ್ಕೆ ಬೇವಿನ ಸೊಪ್ಪು ಇಟ್ಟಿತ್ತು. ನೀವು ಬೆಳಿಗ್ಗೆಯಿಂದ ಅದರ ಪಕ್ಕದಲ್ಲೇ ನಿಂತಿದ್ದಿರಿ. ಬೀಜ ಎಣಿಸುವ ಮೊದಲು ಏಳದ ಅನುಮಾನ ಎಣಿಸಿದ ಮೇಲೆ ಎದ್ದರೆ, ಅದು ಹೆಸರಿನ ಮೇಲಿನ ಅನುಮಾನವಲ್ಲ, ಎಣಿಕೆಯ ಮೇಲಿನ ಸಿಟ್ಟು. ನಾನು ಕೇಳುವುದಿಲ್ಲ."

ಒತ್ತಿ ಅಮ್ಮಾವ್ರೆ, ಒತ್ತಿಬಿಡಿ ಎಂದು ಹೊಳೆಯಾಚೆಯವರು ಕೂಗಿದರು. ಅವಳು ಮುದ್ರೆ ಎತ್ತಿದಳು. ಒತ್ತಿದ್ದರೆ ತಪ್ಪೆನ್ನುವವರು ಯಾರೂ ಇರಲಿಲ್ಲ. ನಿಯಮ ಅವಳ ಕಡೆಗಿತ್ತು, ಮಣ್ಣು ಇನ್ನೂ ಹಸಿಯಾಗಿತ್ತು.

ಅಂಗಳದ ತುದಿಯಲ್ಲಿ, ಕಲ್ಲುಕಂಬದ ಬುಡದಲ್ಲಿ, ಒಬ್ಬಳು ಕುಳಿತಿದ್ದಳು. ಬುಟ್ಟಿ ಹೆಣೆಯುವವಳು. ಬೆಳಿಗ್ಗೆ ವಾಪಸ್ಸು ಕಳಿಸಿದ ಮೇಲೆ ಅವಳು ಮನೆಗೆ ಹೋಗಿರಲಿಲ್ಲ. ಅಳುತ್ತಲೂ ಇರಲಿಲ್ಲ, ಕೂಗುತ್ತಲೂ ಇರಲಿಲ್ಲ. ಖಾಲಿ ಅಂಗೈಯನ್ನು ಮೇಲುಮುಖವಾಗಿ ಮಂಡಿಯ ಮೇಲಿಟ್ಟುಕೊಂಡು, ಕೊಡಬೇಕಾದವರು ಕೊಟ್ಟೇ ಕೊಡುತ್ತಾರೆ ಎನ್ನುವವಳಂತೆ ಕುಳಿತಿದ್ದಳು. ಕಳ್ಳತನಕ್ಕೆ ಬಂದವಳು ಹೀಗೆ ಕಾಯುತ್ತ ಕೂರುವುದಿಲ್ಲ.

ಮುದ್ರೆಯವಳು ಮುದ್ರೆಯನ್ನು ಕೆಳಗಿಟ್ಟಳು. ಎತ್ತಿದ ಮುದ್ರೆಯನ್ನು ಒತ್ತದೆ ಅವಳು ಕೆಳಗಿಟ್ಟಿದ್ದು ಅದೇ ಮೊದಲು.

ಬುಟ್ಟಿಯವಳನ್ನು ಹತ್ತಿರ ಕರೆದು, ಎರಡು ಸಲ ಬಂದೆಯಾ ಎಂದು ಕೇಳಿದಳು. ಇಲ್ಲ, ಒಂದೇ ಸಲ ಬಂದೆ, ಆಗಲೇ ಬಂದು ಹೋಗಿದ್ದೀಯ ಎಂದರು ಎಂದಳು ಅವಳು. ಮತ್ತೆ ಇಲ್ಲೇ ಏಕೆ ಕುಳಿತೆ ಎಂದಾಗ, "ನನ್ ಅಕ್ಕು ಅಮ್ಮಾವ್ರೆ. ಅದ್ನ ಬಿಟ್ಟು ಎಂಗೋಗ್ಲಿ," ಎಂದಳು.

"ಅಕ್ಕು," ಎಂದು ಬಾಮೈದ ಅಣಕಿಸಿದ. "ಪುಸ್ತಕದಲ್ಲಿ ಹುಡುಕಿ ಅಮ್ಮನವರೇ, ಅಂಥ ಪದ ಇದೆಯೇ ಅಂತ."

"ಇಲ್ಲ," ಎಂದಳು ಮುದ್ರೆಯವಳು. "ಅದಕ್ಕೇ ಇವಳಿಗೆ ಇನ್ನೂ ಸಿಕ್ಕಿಲ್ಲ."

ಓದುವವನನ್ನು ಕರೆದಳು. ಅವನು ಪುಸ್ತಕ ತಂದು, ಹೆಸರನ್ನು ಬಾಯಲ್ಲಿ ಹೇಳದೆ ಬೆರಳಿಟ್ಟು ತೋರಿಸಿದ. ಹಕಾರದ ಪುಟದಲ್ಲಿ ಹಾಲವ್ವ ಎಂಬ ಸಾಲು. ಅದರ ಮುಂದೆ ಬೊಟ್ಟು ಇತ್ತು. ಬೆಳಿಗ್ಗೆ ಸಾಲಿನ ಮೊದಲ ಭಾಗದಲ್ಲೇ ಒಬ್ಬಳು ಬಂದು ಆ ಹೆಸರು ಒಪ್ಪಿಸಿದಳು, ಬಿಸಿಲೇರಿದ ಮೇಲೆ ಮತ್ತೊಮ್ಮೆ ಅದೇ ಹೆಸರು ಕೇಳಿತು, ತಾನು ತಲೆ ಎತ್ತಲಿಲ್ಲ ಎಂದ. ಆ ಇಬ್ಬರೂ ಬಾಯಲ್ಲಿ ಹೇಳಿದ್ದು ಏನು, ನೀನು ಓದಿದ್ದಲ್ಲ, ಅವರು ಹೇಳಿದ್ದು ಎಂದು ಅವಳು ಕೇಳಿದಳು. ಓದುವವನು ತಡವರಿಸಿದ. ಆಚೆಯವರು ಹೇಳುವುದು ಯಾವಾಗಲೂ ಆ ಎಂದೇ, ತಾನು ಕೇಳಿಸಿಕೊಳ್ಳುವುದು ಯಾವಾಗಲೂ ಹಾ ಎಂದೇ ಎಂದು ಪಾಠ ಒಪ್ಪಿಸಿದ.

ಮುದ್ರೆಯವಳು ಬುಟ್ಟಿಯವಳ ಕಡೆ ತಿರುಗಿದಳು.

"ಎಲ್ಲರ ಹೆಸರೂ ಪುಸ್ತಕದಲ್ಲಿದೆ. ಈ ಹೊತ್ತು ಊರಿನಲ್ಲಿ ಹೆಸರಿರುವವಳು ನೀನೊಬ್ಬಳೇ. ನೀನು ಹೇಳಬಹುದು. ಹೇಳು."

"ಆಲವ್ವ."

ಬಾಮೈದ ತೊಡೆ ತಟ್ಟಿಕೊಂಡ. ಮೊದಲು ಬಂದವಳು ಹೇಳಿದ್ದೂ ಅದನ್ನೇ, ತಾನು ಕಿವಿಯಾರೆ ಕೇಳಿದ್ದೇನೆ, ಇನ್ನೇನು ಸಾಕ್ಷಿ ಬೇಕು ಎಂದ.

"ಆ ಹೆಸರು ನಿನಗೆ ಏಕೆ ಇಟ್ಟರು?" ಎಂದು ಮುದ್ರೆಯವಳು ಕೇಳಿದಳು.

"ನಾ ಉಟ್ಟಾಗ ನಮ್ಮವ್ವಂಗೆ ಎದೇಲಿ ಆಲಿರ್ಲಿಲ್ಲ. ಮೇಕೆ ಆಲು ಕುಡ್ಸಿ ಉಳಿಸ್ಕೊಂಡ್ರು. ಅದ್ಕೆ."

ಗುಂಪಿನಲ್ಲಿ ಒಬ್ಬಳು, ನನ್ ಕತೆ ಬ್ಯಾರೆ ಎಂದು ನಕ್ಕಳು. ಅವಳು ಚಾಪೆ ಹೆಣೆಯುವವಳು, ಬೆಳಿಗ್ಗೆ ಮೊದಲು ಬಂದು ಹೋದವಳು. ಮುದ್ರೆಯವಳು ಅವಳನ್ನೂ ಮುಂದೆ ಕರೆದಳು. ನಿನ್ನ ಹೆಸರು ಒಪ್ಪಿಸಿಯಾಗಿದೆ, ಅದನ್ನು ಹೇಳಬೇಡ, ಹುಟ್ಟಿದ ಕಥೆ ಮಾತ್ರ ಹೇಳು ಎಂದಳು. ತನ್ನ ತಾಯಿ ಸಂತೆಗೆ ಹೋಗುವ ದಾರಿಯಲ್ಲಿ ಆಲದ ಮರದ ಬುಡದಲ್ಲಿ ತನ್ನನ್ನು ಹೆತ್ತಳು ಎಂದು ಚಾಪೆಯವಳು ಹೇಳಿದಳು. ಹೆತ್ತಳು ಎನ್ನಲಿಲ್ಲ, ಎತ್ತಳು ಎಂದಳು. ಆಲವನ್ನು ಮಾತ್ರ ಆಲ ಎಂದೇ ಹೇಳಿದಳು. ಅದು ಎಲ್ಲರ ಬಾಯಲ್ಲೂ ಆಲವೇ.

ಮುದ್ರೆಯವಳು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿದಳು. ಹಕಾರ ದಾಟಿ, ಪಕಾರ ದಾಟಿ, ಕಕಾರ ದಾಟಿ, ಎರಡನೆಯ ಅಕ್ಷರಕ್ಕೆ ಬಂದಳು. ಅಲ್ಲಿ ಆಲವ್ವ ಎಂಬ ಸಾಲು ಇತ್ತು. ಅದರ ಮುಂದೆ ಬೊಟ್ಟು ಇರಲಿಲ್ಲ. ಯಾರೂ ಬೆಳಿಗ್ಗೆಯಿಂದ ಆ ಪುಟ ತೆರೆದಿರಲಿಲ್ಲ.

ಇಬ್ಬರು ಹೆಂಗಸರು, ಎರಡು ಸಾಲು. ಇಬ್ಬರೂ ತಮ್ಮ ಹೆಸರನ್ನು ತಮಗೆ ಬರುವಂತೆ ಸರಿಯಾಗಿಯೇ ಹೇಳಿದ್ದರು. ಹಕಾರ ನುಂಗುವವರ ಬಾಯಿಗೆ ಎಲ್ಲೆಲ್ಲೂ ಹಕಾರ ತುರುಕಿದ್ದು ಕಲಿತವರ ಕಿವಿ. ಆಲದ ಮರದವಳು ಹಾಲಿನವಳ ಸಾಲಿನಲ್ಲಿ ಕುಳಿತಳು, ಹಾಲಿನವಳು ಕಳ್ಳಿಯಾದಳು.

ಮುದ್ರೆಯವಳು ಎದ್ದು ನಿಂತಳು. ಅವಳು ತಪ್ಪು ಒಪ್ಪಿಕೊಂಡದ್ದನ್ನು ಆ ಊರು ಅದುವರೆಗೆ ನೋಡಿರಲಿಲ್ಲ. ಅವಳು ಅದನ್ನೂ ನೆಟ್ಟಗೆ ನಿಂತೇ ಮಾಡಿದಳು.

"ಎರಡು ಸಲ ಯಾರೂ ಬಂದಿಲ್ಲ. ಒಬ್ಬಳನ್ನು ನಾವು ಹೊಸ್ತಿಲಿನಿಂದ ಬರಿಗೈಯಲ್ಲಿ ಕಳಿಸಿದ್ದೇವೆ. ತಪ್ಪು ಇವಳದಲ್ಲ. ಓದುವವನದೂ ಅಲ್ಲ, ಅವನು ಕಲಿತದ್ದನ್ನು ಮಾಡಿದ. ಕಲಿಸಿದವಳು ನಾನು. ಇವಳಿಗೆ ಬೀಜ ಕೊಡಿ."

ಈಗ ಅಂಗಳ ತಿರುಗುಮುರುಗಾಯಿತು. ಎಣಿಕೆಯಲ್ಲಿ ಅಂಬಿಗನಿಗೆ ಒಂದೇ ಒಂದು ಬೀಜ ಹೆಚ್ಚು. ಈ ಬೀಜ ಕೆಂಪಿಗೆ ಬಿದ್ದರೆ ಎರಡಾಗುತ್ತದೆ. ಕರಿಗೆ ಬಿದ್ದರೆ ಸಮವಾಗುತ್ತದೆ. ಸಮವಾದರೆ ಬೀಗ ಹಳಬನಲ್ಲೇ ಉಳಿಯಬೇಕೆಂಬುದು ನಿಯಮ. ಇಷ್ಟನ್ನು ಎಲ್ಲರೂ ಒಟ್ಟಿಗೆ ಲೆಕ್ಕ ಹಾಕಿದರು. ಹೊಳೆಯಾಚೆಯವರಲ್ಲಿ ಕೆಲವರು, ಹೊತ್ತು ಮೀರಿತು, ಸಾಲು ಮುಗಿಯಿತು, ನಿಯಮವೆಂದರೆ ನಿಯಮ ಎಂದು ಗೊಣಗಿದರು. ಬಾಮೈದನಿಗೆ ಇದ್ದಕ್ಕಿದ್ದಂತೆ ಬುಟ್ಟಿಯವಳ ಮೇಲೆ ಕರುಣೆ ಬಂತು. ಅಕ್ಕಾ ಎಂದು ಕರೆದು, ಬಿಸಿಲಲ್ಲಿ ಎಷ್ಟು ಹೊತ್ತು ಕುಳಿತಿದ್ದೀರಿ, ನೀರು ಬೇಕೇ ಎಂದು ವಿಚಾರಿಸಿದ. ಅರ್ಧ ಗಳಿಗೆಯ ಹಿಂದೆ ನಿಯಮ ಮರೆತವರೂ ನಿಯಮ ನೆನೆದವರೂ ತಮ್ಮ ತಮ್ಮ ಜಾಗ ಬದಲಿಸಿಕೊಂಡಿದ್ದರು.

ಮುದ್ರೆಯವಳ ಸ್ವಂತ ಬೀಜ ಯಾವ ಗಡಿಗೆಯಲ್ಲಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅದು ಇಲ್ಲಿ ಬೇಕಾಗಿಲ್ಲ. ಎರಡೂ ಕಡೆಯವರಿಗೆ ಅವಳು ಹೇಳಿದ್ದು ಒಂದೇ ಮಾತು. ಮುದ್ರೆ ಬೀಳುವ ತನಕ ದಿನ ಮುಗಿದಿಲ್ಲ. ಯಾವ ಗಡಿಗೆಗೆ ಬೀಳುತ್ತದೆ ಎಂದು ನೋಡಿಕೊಂಡು ಬೀಜ ಕೊಡುವುದಾದರೆ ಅದನ್ನು ಹಕ್ಕು ಎನ್ನಬಾರದು, ಕೂಲಿ ಎನ್ನಬೇಕು.

ಬುಟ್ಟಿಯವಳಿಗೆ ಮಾತ್ರ ಇನ್ನೊಂದು ವಿಷಯ ಹೇಳಬೇಕಾಗಿತ್ತು. ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ತಗ್ಗಿತು.

"ಉಳಿದವರೆಲ್ಲ ಪರದೆಯ ಹಿಂದೆ ಹಾಕಿದ್ದಾರೆ. ಯಾರದು ಎಲ್ಲಿ ಬಿತ್ತು ಎಂದು ಯಾರಿಗೂ ತಿಳಿಯದು. ನೀನೂ ಪರದೆಯ ಹಿಂದೆಯೇ ಹೋಗುತ್ತೀಯ. ಆದರೆ ಎಣಿಕೆ ಹೊರಗಾಗಿದೆ. ನಿನ್ನದು ಎಲ್ಲಿ ಬಿತ್ತು ಎಂದು ಎಲ್ಲರಿಗೂ ತಿಳಿಯುತ್ತದೆ. ಇದು ನಿನಗೆ ನಾವು ಮಾಡಿದ ಎರಡನೆಯ ತಪ್ಪು. ಇದನ್ನು ಸರಿಪಡಿಸುವುದು ನನ್ನಿಂದಾಗದು. ಬೇಡ ಎನ್ನುವುದಾದರೆ ಬೇಡ ಎನ್ನು."

ಬುಟ್ಟಿಯವಳು ತನ್ನ ಕಡೆಯವರನ್ನು ನೋಡಿದಳು. ಮೇಲಿನ ಬೀದಿಯವರನ್ನು ನೋಡಿದಳು. ಮಣ್ಣಿನ ಹಲಗೆಯನ್ನೂ ನೋಡಿದಳು. ಅಂಚಿನಿಂದ ಎರಡು ಬೆರಳಗಲ ಬೆಳ್ಳಗಾಗಿ, ಕೂದಲೆಳೆಯಂಥ ಬಿರುಕು ಬಿಡುತ್ತಿತ್ತು.

"ಕೊಡಿ ಅಮ್ಮಾವ್ರೆ," ಎಂದಳು.

ಓದುವವನು ಎರಡನೆಯ ಅಕ್ಷರದ ಪುಟದಲ್ಲಿ ಬೊಟ್ಟಿಟ್ಟ. ಈ ಸಲ ತಲೆ ಎತ್ತಿ ಅವಳ ಮುಖ ನೋಡಿದ. ಮುದ್ರೆಯವಳು ಕಂಡೂ ಸುಮ್ಮನಿದ್ದಳು. ಅಂಗೈಗೆ ಬೀಜ ಬಿತ್ತು. ಬುಟ್ಟಿಯವಳು ಪರದೆಯ ಹಿಂದೆ ಹೋದಳು. ಬೀಜ ಗಡಿಗೆಯ ತಳಕ್ಕೆ ಬಿದ್ದ ಸದ್ದು ಅಂಗಳದ ತುದಿಯವರೆಗೂ ಕೇಳಿಸಿತು. ಅವಳು ಹಿಂಬಾಗಿಲಿನಿಂದ ಬಂದಳು. ಅವಳಿಗೂ ಹೆಸರು ಹೋಯಿತು.

ಗಡಿಗೆಗಳನ್ನು ತಂದರು, ಬೋರಲು ಹಾಕಿದರು. ಕರಿ ಗಡಿಗೆಯಲ್ಲಿ ಒಂದು ಬೀಜ ಇತ್ತು.

ನೂರ ಎಪ್ಪತ್ತೊಂದು, ನೂರ ಎಪ್ಪತ್ತೊಂದು.

ಹೊಳೆಯಾಚೆಯವರು ಎಲ್ಲರೂ ಒಟ್ಟಿಗೆ ಮಾತಾಡಿದರು. ಆ ಬೀಜ ತೆಗೆಯಿರಿ ಎಂದರು. ಅವಳು ತಡವಾಗಿ ಬಂದವಳು ಎಂದರು. ಮೇಕೆ ಹಾಲಿನ ಕಥೆ ಕಟ್ಟುಕಥೆ ಎಂದು, ಅದೇ ಓಣಿಯಲ್ಲಿ ಅವಳ ಜೊತೆ ಆಡಿ ಬೆಳೆದವರೇ ಅಂದರು. ಒಬ್ಬನಂತೂ ಹಕಾರ ಬರದವರನ್ನು ನಂಬಬಾರದು ಎಂದ. ಅವನು ಅದನ್ನು ಅಕಾರ ಎಂದ. ಬಾಮೈದ ಹಕ್ಕೆಂದರೆ ಹಕ್ಕು, ಒತ್ತಿ ಅಮ್ಮನವರೇ, ಮಣ್ಣು ಒಣಗುತ್ತಿದೆ ಎಂದು ಅವಸರಪಡಿಸಿದ. ಬೀಗದವನ ಕಣ್ಣು ಮಾತ್ರ ನೆಲದ ಮೇಲಿತ್ತು. ಬೆಳಿಗ್ಗೆಯಿಂದ ಕಳ್ಳಿ ಎನ್ನಿಸಿಕೊಂಡವಳ ಒಂದು ಬೀಜದಿಂದ ಬೀಗ ಉಳಿದವನು ಬೇರೆ ಎಲ್ಲಿ ನೋಡಬೇಕು.

ಮುದ್ರೆಯವಳು ಮಣ್ಣಿನಲ್ಲಿ ಫಲವನ್ನು ಗೀರಿದಳು. ಮಣ್ಣು ಗಟ್ಟಿಯಾಗಿತ್ತು, ಕಡ್ಡಿ ಎರಡು ಸಲ ಜಾರಿತು. ಅವಳು ಮುದ್ರೆ ಎತ್ತಿದಾಗ ಹೊಳೆಯಾಚೆಯ ನಾಲ್ಕು ಗಂಡಸರು ಹಲಗೆಯ ಸುತ್ತ ಬಂದು ನಿಂತರು. ಮುಟ್ಟಲಿಲ್ಲ, ದಾರಿಯನ್ನೂ ಬಿಡಲಿಲ್ಲ. ಅವರು ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು. ಬಿಸಿಲು ಉಳಿದದ್ದನ್ನು ಮಾಡುತ್ತಿತ್ತು.

ಅಂಬಿಗ ಅದುವರೆಗೆ ಜಗಲಿಯ ಮೂಲೆಯಲ್ಲಿ ಕುಳಿತಿದ್ದ. ಅವನು ಎದ್ದು ಬಂದು ಆ ನಾಲ್ವರಲ್ಲಿ ಒಬ್ಬನ ಹೆಗಲ ಮೇಲೆ ಕೈಯಿಟ್ಟ. ಅವನು ಅಂಬಿಗನ ಸ್ವಂತ ಅಣ್ಣ.

"ಸರಿಯಣ್ಣ ಆಚೆಗೆ," ಎಂದ. "ಎಣಿಕೆ ಸರಿಯಾಗೈತೆ. ಒತ್ತಿ ಅಮ್ಮಾವ್ರೆ."

ಅಣ್ಣ ಸರಿದ. ಅವನು ಸರಿದ ಮೇಲೆ ಉಳಿದ ಮೂವರಿಗೆ ನಿಲ್ಲಲು ಕಾರಣ ಸಿಗಲಿಲ್ಲ.

ಮುದ್ರೆಯವಳು ಎರಡೂ ಕೈಗಳಿಂದ, ಇಡೀ ದೇಹದ ಭಾರ ಬಿಟ್ಟು, ಮುದ್ರೆ ಒತ್ತಿದಳು. ಅಂಚಿನ ಮಣ್ಣು ಪುಡಿಯಾಯಿತು. ನಡುವಿನ ಮಣ್ಣು ಹಿಡಿಯಿತು. ಮುದ್ರೆ ಎತ್ತಿದಾಗ ಗುರುತು ಓದುವಂತಿತ್ತು.

ಹೆಸರುಗಳು ವಾಪಸ್ಸು ಬಂದವು. ಅದಕ್ಕೆ ಗಂಟೆಯಿಲ್ಲ, ವಾದ್ಯವಿಲ್ಲ. ಯಾರೋ ಒಬ್ಬಳು ತನ್ನ ಮಗಳನ್ನು ಹೆಸರು ಹಿಡಿದು ಕರೆದಳು, ಒಂದೇ ಒಂದು ಮಗು ತಿರುಗಿ ನೋಡಿತು, ಅಷ್ಟರಿಂದ ಎಲ್ಲರಿಗೂ ತಿಳಿಯಿತು. ಓದುವವನು ಪುಸ್ತಕ ಮುಚ್ಚಲು ಹೋದಾಗ ಮುದ್ರೆಯವಳು ತಡೆದಳು. ನಾಳೆ ಬೆಳಿಗ್ಗೆ ಇಬ್ಬರೂ ಹೊಳೆ ದಾಟಿ ಹೋಗೋಣ, ಪ್ರತಿ ಮನೆಯ ಮುಂದೆ ಕುಳಿತು ಪ್ರತಿಯೊಬ್ಬರ ಹೆಸರೂ ಏಕೆ ಬಂತು ಎಂದು ಕೇಳಿ ಬರೆದುಕೊಳ್ಳೋಣ ಎಂದಳು. ಹಕಾರ ಕಲಿಸುವುದಿಲ್ಲವೇ ಎಂದು ಅವನು ಕೇಳಿದ. ಕಲಿಸದೆ ಬಿಡುತ್ತೇನೆಯೇ, ಅದು ಬೇರೆ ದಿನದ ಕೆಲಸ ಎಂದಳು.

ಇಳಿಹೊತ್ತಿನಲ್ಲಿ ಹೊಳೆಯಾಚೆಯವರು ದಡಕ್ಕೆ ಬಂದರು. ದೋಣಿ ಒಂದೇ. ಹಲವು ಸಲ ಹೋಗಿ ಬಂದ ಅಂಬಿಗ ಕೊನೆಯ ಸಲ ಅದನ್ನು ಹಿಡಿದು ನಿಂತು ಒಬ್ಬೊಬ್ಬರನ್ನೇ ಹತ್ತಿಸಿದ. ಹಾಲವ್ವ ದಡದಲ್ಲಿ ಎಲ್ಲರಿಗಿಂತ ಹಿಂದೆ, ಎಲ್ಲರಿಂದ ದೂರ ನಿಂತಿದ್ದಳು.

"ಬಾರವ್ವ ಆಲವ್ವ," ಎಂದು ಅಂಬಿಗ ಕೈ ಚಾಚಿದ.

ದೋಣಿಯಲ್ಲಿ ಆಗಲೇ ಕುಳಿತಿದ್ದ ಇನ್ನೊಬ್ಬ ಆಲವ್ವ ಓ ಎಂದಳು. ಯಾರೂ ನಗಲಿಲ್ಲ. ಹಾಲವ್ವ ಅವನ ಕೈ ಹಿಡಿದು ಹತ್ತಿ ಎಡಗಡೆಯ ಹಲಗೆಯ ಮೇಲೆ ಕುಳಿತಳು. ಅಲ್ಲಿ ಕುಳಿತಿದ್ದವರೆಲ್ಲ ಎದ್ದು ಬಲಗಡೆಗೆ ಹೋದರು. ದೋಣಿ ಬಲಕ್ಕೆ ವಾಲಿತು, ಅಂಚಿನ ಮೇಲಿಂದ ನೀರು ಒಳಗೆ ಇಣುಕಿತು. ಅಂಬಿಗ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತ. ಹೀಗೆ ಕುಳಿತರೆ ನಡುನೀರಿನಲ್ಲಿ ಮಗುಚಿಕೊಳ್ಳುತ್ತದೆ, ಅರ್ಧ ಜನ ಈ ಕಡೆಗೆ ಬನ್ನಿ ಎಂದ. ಯಾರೂ ಅಲುಗಲಿಲ್ಲ.

ಅವನ ಅಣ್ಣ, ಅವಳ ಮುಖ ನೋಡದೆ, ನಮ್ಮವನು ನಿನಗೆ ಏನು ಕೆಟ್ಟದ್ದು ಮಾಡಿದ್ದ ಎಂದು ಕೇಳಿದ.

"ಏನೂ ಮಾಡಿಲ್ಲ," ಎಂದಳು ಹಾಲವ್ವ. "ಬೀಗ ಇಸ್ಕೊಂಡ್ರೆ ಏಳು ವರ್ಸ ಕೆರೆ ಏರಿ ಮೇಲೆ ಕುಂತ್ಕೋತಾನೆ. ಆಮ್ಯಾಕೆ ದೋಣಿ ಯಾರು ನಡೆಸ್ತಾರೆ? ನೀನಾ? ನೀ ನಡೆಸಿದ ದಿನ ನನ್ ಮೂವತ್ತು ಬುಟ್ಟಿ ನೀರ್ ಪಾಲಾದೋ. ಇವ್ನಷ್ಟು ಸಂದಾಗಿ ನಡೆಸೋರು ಈ ಒಳೇಲಿ ಯಾರವ್ರೆ, ಯೋಳು."

ಅಂಬಿಗ ಹುಟ್ಟಿನ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿದ.

"ಒಗಳಿ ಒಗಳಿ ಒಟ್ಟೆ ಮ್ಯಾಲೆ ಒಡೆದ್ಯಲ್ಲವ್ವ," ಎಂದ.

ಮೊದಲು ಆಲದ ಮರದವಳು ನಕ್ಕಳು. ನಗುತ್ತಲೇ ಎದ್ದು, ವಾಲಿದ ದೋಣಿಯಲ್ಲಿ ಒಬ್ಬರ ಹೆಗಲು ಒಬ್ಬರ ತಲೆ ಹಿಡಿದುಕೊಂಡು ದಾಟಿ ಬಂದು, ಹಾಲವ್ವನ ಪಕ್ಕದಲ್ಲಿ ಕುಳಿತಳು. ಅವಳ ಹಿಂದೆ ಅವಳ ಗಂಡ ಬಂದ. ಆಮೇಲೆ ಇನ್ನಿಬ್ಬರು. ಕೊನೆಗೆ ಅಣ್ಣನೂ ಎದ್ದ. ಹತ್ತಿರ ಕೂರಲಿಲ್ಲ, ಅದೇ ಹಲಗೆಯ ಇನ್ನೊಂದು ತುದಿಯಲ್ಲಿ ನೀರಿನ ಕಡೆ ಮುಖ ಮಾಡಿ ಕುಳಿತ. ಅವನ ಭಾರ ಬಿದ್ದ ಮೇಲೆ ದೋಣಿ ಸಮವಾಯಿತು. ಅಂಬಿಗ ಹುಟ್ಟು ಹಾಕಿದ.